ಸ್ಕ್ಯಾನಿಂಗ್ ಕೋಣೆಯ ಮೇಡಂ

ನಾನು ಪಾಲಿಬೆಟ್ಟದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್. ಲೈನ್ ಮನೆಗಳ ಕೂಲಿಯವರನ್ನು ಆಸ್ಪತ್ರೆಗೆ ಕರೆದೊಯ್ದಾಗಲೆಲ್ಲ, ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ಸ್ಕ್ಯಾನಿಂಗ್ ಕೋಣೆಯ ಮೇಡಂ ಅವರನ್ನು ನೋಡುತ್ತಿದ್ದೆ. ಯಂತ್ರಕ್ಕೆ ಹೆದರುವವರ ಪಾದದ ಮೇಲೆ ಕೈಯಿಟ್ಟು, ಕನ್ನಡದಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ, "ಅಲುಗಾಡ್ಬೇಡಿ, ನಾನು ನೋಡ್ತಾ ಇದ್ದೇನೆ" ಎನ್ನುತ್ತಿದ್ದರು.

ಒಂದು ದಿನ ಕರಿಮೆಣಸು ಕುಯ್ಯುತ್ತಿದ್ದ ನಮ್ಮ ಮುರುಗ ಏಣಿಯಿಂದ ಬಿದ್ದ. ಭುಜ ನೋವು ಎಂದಷ್ಟೇ ಹೇಳಿದ್ದರಿಂದ ವೈದ್ಯರು ಭುಜದ ಎಕ್ಸ್‌ರೇಗೆ ಚೀಟಿ ಬರೆದರು. ಅವನು ಗದ್ದಕ್ಕೆ ಅಂಗೈ ಕೊಟ್ಟುಕೊಂಡು ಸ್ಕ್ಯಾನಿಂಗ್ ಕೋಣೆಯೊಳಗೆ ನಡೆದ. ಮೇಡಂ ಚೀಟಿಯನ್ನು ನೋಡಲೇ ಇಲ್ಲ. ಎದ್ದು ಬಂದು ಎರಡೂ ಕೈಗಳಿಂದ ಅವನ ತಲೆಯನ್ನು ಹಿಡಿದರು.

"ರೈಟರೇ, ಬೇಗ ಡಾಕ್ಟರನ್ನ ಕರೀರಿ. ಇವರ ಕತ್ತು ತಲೆಯ ಭಾರ ತಡೀತಾ ಇಲ್ಲ."

ವೈದ್ಯರು ಬಂದು ಕತ್ತಿಗೆ ಪಟ್ಟಿ ಹಾಕುವವರೆಗೂ ಆ ಕೈಗಳು ಕದಲಲಿಲ್ಲ. ಸ್ಕ್ಯಾನ್ ಮಾಡಿದಾಗ ಕತ್ತಿನ ಮೂಳೆ ಮುರಿದದ್ದು ಕಂಡಿತು. ಕತ್ತು ಸ್ವಲ್ಪ ಹೊರಳಿದ್ದರೂ ಕೈಕಾಲಿನ ಸ್ವಾಧೀನ ಹೋಗುತ್ತಿತ್ತು ಎಂದರು ವೈದ್ಯರು.

ಮೈಸೂರಿನಲ್ಲಿ ಆಪರೇಷನ್ ಆಗಿ, ಮುರುಗ ಈಗ ಕೆಲಸಕ್ಕೆ ಬರುತ್ತಿದ್ದಾನೆ. ಅಂದು ಬಾಗಿಲಿನಿಂದ ಮೇಡಂ ಮುಂದಕ್ಕೆ ಅವನು ಇಟ್ಟದ್ದು ನಾಲ್ಕೇ ಹೆಜ್ಜೆ. ಆಸ್ಪತ್ರೆಗೆ ಬರುವಾಗ ಜೀಪಿನಲ್ಲಿ ದಾರಿಯುದ್ದಕ್ಕೂ ಪಕ್ಕದಲ್ಲೇ ಕೂತಿದ್ದ ನನಗೆ ಕಾಣದ್ದು ಅವರಿಗೆ ಅಷ್ಟರಲ್ಲೇ ಕಂಡಿತ್ತು.