ಬೋನಣ್ಣ ಕತ್ತರಿಸಿದ ರಿಂಗು

ಲಾರಿ ಚಾಲಕರು ಅವನಿಗೆ ಇಟ್ಟ ಹೆಸರು ಬೋನಣ್ಣ. ಅವನ ಟೈರ್ ಅಂಗಡಿಯ ಮೂಲೆಯಲ್ಲಿ ದಪ್ಪ ಕಬ್ಬಿಣದ ಕೊಳವೆಗಳನ್ನು ಬೆಸೆದು ಮಾಡಿದ ಬೋನೊಂದಿತ್ತು. ಹಳೇ ಲಾರಿಗಳ ಚಕ್ರ ಒಂದೇ ತುಂಡಲ್ಲ. ಟೈರು ಕೂರಿಸಿದ ಮೇಲೆ ಅದನ್ನು ಹಿಡಿದಿಡಲು ಅಂಚಿಗೆ ಉಕ್ಕಿನ ರಿಂಗು ಸಿಕ್ಕಿಸಬೇಕು. ಅಂಥ ಚಕ್ರವನ್ನು ಬೋನಿಗೆ ತಳ್ಳಿ, ಉದ್ದದ ಪೈಪು ಹಿಡಿದು, ದೂರ ಪಕ್ಕಕ್ಕೆ ನಿಂತೇ ಅವನು ಗಾಳಿ ತುಂಬುತ್ತಿದ್ದ.

"ಹುಲಿ ಎಲ್ಲಿ ಓಡಿಹೋಯ್ತಣ್ಣ?" ಎಂದು ಚಾಲಕರು ಕಿಚಾಯಿಸಿದರೆ, "ನೀನು ಮೊದಲು ಆಚೆ ಸರಿ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದ.

ಬೋನು ಬಂದದ್ದು ಅವನ ಅಣ್ಣ ತೀರಿಹೋದಮೇಲೆ. ಈ ಕಸುಬಿನವರಿಗೆ ಒಂದು ಕೆಟ್ಟ ಅಭ್ಯಾಸ: ಗಾಳಿ ತುಂಬುತ್ತಿರುವಾಗ ರಿಂಗು ಸರಿಯಾಗಿ ಕೂತಿಲ್ಲವೆನಿಸಿದರೆ ಸುತ್ತಿಗೆಯಲ್ಲಿ ಎರಡು ತಟ್ಟುವುದು. ಅಣ್ಣ ವರ್ಷಗಟ್ಟಲೆ ಹಾಗೇ ತಟ್ಟಿದವನು. ಒಂದು ದಿನ ತಟ್ಟುತ್ತಿದ್ದಂತೆ ರಿಂಗು ಸಿಡಿದು ಎದೆಗೆ ಬಡಿಯಿತು. ಆವತ್ತು ಗಾಳಿಯ ಪೈಪು ಹಿಡಿದಿದ್ದವನು ಇವನೇ.

ಮೊನ್ನೆ ಮಧ್ಯಾಹ್ನ ಅಕ್ಕನ ಗಂಡ ಲಾರಿ ತಂದ. ಹೊರೆ ತುಂಬಿತ್ತು, ಅವಸರವೂ ಇತ್ತು. ಚಕ್ರ ಬಿಚ್ಚಿ ನೋಡಿದರೆ ರಿಂಗನ್ನು ತುಕ್ಕು ತಿಂದಿತ್ತು. ಒಂದು ಕಡೆ ಕೂದಲೆಳೆಯಷ್ಟು ಬಿರುಕು.

"ಇದು ಆಗಲ್ಲ ಭಾವ. ಇದಕ್ಕೆ ಸರಿಹೊಂದೋ ರಿಂಗೇ ತರಿಸ್ಬೇಕು. ಎರಡು ದಿನ ಬೇಕು."

"ಎರಡು ದಿನಾನಾ! ನಿನ್ನೆವರೆಗೂ ಇದರ ಮೇಲೇ ಓಡಿಸಿದೀನಿ ಕಣಯ್ಯ. ಎರಡು ತಟ್ಟು, ಕೂರುತ್ತೆ. ನಿಂಗೆ ಭಯ ಆದ್ರೆ ನಾನೇ ತಟ್ತೀನಿ."

ಸುತ್ತಿಗೆ ಆಗಲೇ ಭಾವನ ಕೈಯಲ್ಲಿತ್ತು. ಇಲ್ಲವೆಂದರೆ ಚಕ್ರ ಉರುಳಿಸಿಕೊಂಡು ಪಕ್ಕದ ಅಂಗಡಿಗೆ ಹೋಗುವ ಆಸಾಮಿ. ಬೋನಣ್ಣ ರಿಂಗನ್ನು ಹಿಂದುಗಡೆ ಒಯ್ದು ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿದ.

"ಇನ್ನು ನಿನ್ನ ಅಂಗಡಿ ಮೆಟ್ಟಿಲು ತುಳಿದ್ರೆ ಕೇಳು!" ಭಾವ ಕ್ಯಾಬಿನ್ ಹತ್ತಿ ಧಡಾರನೆ ಬಾಗಿಲು ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು. "ಏನೋ ಮಾಡಿದೆ? ನಿಮ್ಮ ಭಾವ ಫೋನಲ್ಲಿ ಕೂಗಾಡ್ತಾ ಇದಾರೆ."

"ರಿಂಗು ಬಿರುಕು ಬಿಟ್ಟಿತ್ತು ಕಣಕ್ಕ. ತಟ್ಟಕ್ಕೆ ಹೊರಟಿದ್ರು. ಕತ್ತರಿಸಿಬಿಟ್ಟೆ. ಈಗ ನನ್ನ ಜೊತೆ ಮಾತು ಬಿಟ್ಟಿದಾರೆ."

ಅಣ್ಣನನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಎದೆಯ ಮೇಲಿನ ಬಟ್ಟೆ ಸರಿಸಿ ನೋಡಿದವಳು ಅಕ್ಕ.

"ಮಾತು ಬಿಟ್ರೆ ಬಿಡ್ಲಿ ಬಿಡೋ," ಎಂದಳು. "ಊಟ ಕೊಟ್ಯಾ?"

"ಕೆಳಗೇ ಇಳೀತಿಲ್ಲ."

"ಅಲ್ಲಿಗೇ ತಗೊಂಡು ಹೋಗು."

ಅವನು ತನ್ನ ಊಟದ ಡಬ್ಬಿ ಹಿಡಿದು ಲಾರಿಯ ಬಾಗಿಲ ಕೆಳಗೆ ನಿಂತ. ಭಾವ ಇವನತ್ತ ಮುಖ ತಿರುಗಿಸಲಿಲ್ಲ. ಕೈ ಮಾತ್ರ ಕಿಟಕಿಯಿಂದ ಹೊರಗೆ ಚಾಚಿದ.