ಪೈಪಿನೊಳಗೆ ಸಿಕ್ಕ ಕೌದಿ

ಹೋದ ವಾರ ಪತ್ರಿಕೆಯ ಇದೇ ಅಂಕಣದಲ್ಲಿ, ಕಾಲುವೆಗೆ ಅಡ್ಡ ಹಾಕಿ ನೀರು ತಿರುಗಿಸಿಕೊಳ್ಳುವವರಿಗೆ ಚೆನ್ನಾಗಿ ಬೈದಿದ್ದೆ. ನೆನಪಿದೆಯಲ್ಲ? ‘ಇಂಥವರಿಗೆ ನಾಚಿಕೆ ಬೇಡವೇ?’ ಎಂದು ಕೊನೆಗೆ ಕೇಳಿಯೂ ಇದ್ದೆ. ಇಬ್ಬರು ಫೋನ್ ಮಾಡಿ ಭೇಷ್ ಎಂದರು. (ಅವರಲ್ಲಿ ಒಬ್ಬರು ನಮ್ಮ ಬೀಗರು. ಆದರೂ ಓದುಗರೇ.)

ಅದು ಅಚ್ಚಾಗಿ ಬಂದ ದಿನವೇ ನಾನು ಕಾಲುವೆಗೆ ಅಡ್ಡ ಹಾಕಿದೆ.

ನಮ್ಮ ಹೊಲ ಇರುವುದು ಶಹಾಪುರ, ಸುರಪುರಗಳ ನಡುವೆ, ಕಾಲುವೆಯ ತುದಿಯಲ್ಲಿ. ಮೇಲಿನವರು ಭತ್ತಕ್ಕೆ ನೀರು ಕುಡಿಸಿ, ಎಮ್ಮೆ ಮೈ ತೊಳೆದು, ಮಿಕ್ಕಿದ್ದನ್ನು ನಮಗೆ ಕಳಿಸುತ್ತಾರೆ. ಅಂದು ನನ್ನ ನೀರಿನ ಪಾಳಿ ಮುಗಿದಿತ್ತು. ಶೇಂಗಾದ ಕೊನೆಯ ಸಾಲುಗಳು ಮಾತ್ರ ಒಣಗಿಯೇ ಇದ್ದವು. ಇನ್ನೊಂದಿಷ್ಟು ನೀರು ಹರಿದರೆ ಯಾರ ಗಂಟು ಹೋಗುತ್ತದೆ?

ಬಂಡಿದಾರಿಯ ಕೆಳಗೆ ಕಾಲುವೆಯ ನೀರು ದಾಟಲು ಒಂದು ಸಿಮೆಂಟ್ ಪೈಪಿದೆ. ಅದನ್ನು ಮುಚ್ಚಿದರೆ ನೀರು ಏರಿ ನನ್ನ ಹೊಲಕ್ಕೆ ಬರುತ್ತದೆ. ಎಲ್ಲರೂ ಕಸ, ಮಣ್ಣಿನ ಚೀಲ ತುರುಕುತ್ತಾರೆ. ಅವು ಕೊಚ್ಚಿಹೋಗುತ್ತವೆ. ನಾನು ಹೈಸ್ಕೂಲ್ ಓದಿದವನು. ಹೊಲದ ಗುಡಿಸಲಲ್ಲಿ ಬಿದ್ದಿದ್ದ, ಹೊದೆಯುವ ಹಳೇ ಕೌದಿಯನ್ನು ಸುರುಳಿ ಸುತ್ತಿ ತುರುಕಿದೆ. ನೆನೆದು ಉಬ್ಬಿತು ನೋಡಿ, ಬಾಟಲಿಗೆ ಬಿರಡೆ ಹಾಕಿದ ಹಾಗೆ!

ಖುಷಿಯಿಂದ ಮನೆಗೆ ಬಂದು, ಮಧ್ಯಾಹ್ನ ಉಂಡು, ಮಲಗಿಬಿಟ್ಟೆ.

ಯುಗಾದಿ ಈಗಷ್ಟೇ ಮುಗಿದಿದೆ. ಬಿಸಿಲಿಗೆ ನಾಯಿಗಳು ಸಹ ಬೊಗಳುವುದನ್ನು ಬಿಟ್ಟಿವೆ. ಮೊಬೈಲ್ ‘ಯೆಲ್ಲೋ ಅಲರ್ಟ್, ಭಾರಿ ಮಳೆ’ ಎಂದರೆ ಯಾರು ನಂಬುತ್ತಾರೆ? ಅಂದು ಬೆಳಿಗ್ಗೆ ಅದನ್ನು ನನಗೆ ತೋರಿಸಿದ್ದು ಪಕ್ಕದ ಹೊಲದ ಭೀಮರಾಯ. ಅವನ ವರ್ಷದ ಬೆಳೆ, ಕೆಂಪು ಮೆಣಸಿನಕಾಯಿ, ಪೂರ್ತಿ ಕಣದಲ್ಲಿ ಹರಡಿತ್ತು. “ಮಳಿ ಎಲ್ಲಿಂದ ಬರ್ತದೋ ಹುಚ್ಚಾ” ಎಂದು ನಕ್ಕಿದ್ದೆ.

ಸಂಜೆ ಹೊತ್ತಿಗೆ ಆಕಾಶ ಹರಿದು ಬಿತ್ತು. ಆಲಿಕಲ್ಲು ಬೇರೆ. ಭೀಮರಾಯ ಬಾಗಿಲಿಗೆ ಬಂದು ಕೂಗಿದ: “ಕಾಕಾ, ಲಗೂನ ಬರ್ರಿ! ಕಾಲುವಿ ಒಡದು ನೀರು ಕಣದ ಕಡೀಗಿ ಬರಾಕತ್ತಾವ!”

ಆಗ ಕೌದಿ ನೆನಪಾಯಿತು.

ಹೇಳಿಬಿಡಬೇಕಿತ್ತು. ಹೇಳಿದೆನೇ? ಛತ್ರಿ ಹಿಡಿದು ಅವನ ಹಿಂದೆ ಹೋಗಿ ಕಾಲುವೆ ದಂಡೆಯ ಮೇಲೆ ನಿಂತೆ. ನನ್ನ ಹೆಂಡತಿ ನಾಗಮ್ಮ, ಓಣಿಯ ಹೆಂಗಸರು ಬುಟ್ಟಿ ಹಿಡಿದು ಮೆಣಸಿನಕಾಯಿ ಎತ್ತುತ್ತಿದ್ದರು. ನಾನು ಭಾಷಣ ಶುರು ಮಾಡಿದೆ.

“ಇದು ಮ್ಯಾಲಿನವ್ರ ಕೆಲಸ! ಕಾಲುವಿ ನೋಡ್ಕೊಳ್ಳಾವ್ರು ಏನ್ ಮಾಡಾಕತ್ತಾರ?”

“ಭಾಷಣ ಆಮ್ಯಾಲೆ ಮಾಡ್ರಿ, ಒಂದು ಬುಟ್ಟಿ ಹಿಡೀರಿ!” ಎಂದಳು ನಾಗಮ್ಮ.

ಭೀಮರಾಯ ಎದೆಮಟ್ಟದ ನೀರಿಗೆ ಇಳಿದ. ಪೈಪಿನೊಳಗೆ ಕೈ ಹಾಕಿದ. “ಯಾವನೋ ಏನೋ ತುರುಕ್ಯಾನ್ರಿ ಕಾಕಾ!”

“ಇರ್ಲಿ ಬಿಡೋ, ನೀರು ತಾನಾ ಇಳೀತದ” ಎಂದೆ. (ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.)

ಅವನು ಬಿಡುತ್ತಾನೆಯೇ? ಜಗ್ಗಿದ. ಗುಳುಕ್ ಎಂದು ನೀರು ನುಗ್ಗಿತು. ಕೌದಿ ನೀರಿನ ಮೇಲೆ ಪೂರ್ತಿ ಬಿಚ್ಚಿಕೊಂಡಿತು.

ನಮ್ಮ ಕಡೆ ಕೌದಿ ಎಂದರೆ ಮನೆಯವರ ಹಳೇ ಬಟ್ಟೆಗಳನ್ನು ಜೋಡಿಸಿ ಹೊಲಿದದ್ದು. ಇದನ್ನು ನಾಗಮ್ಮ ಓಣಿಯವರೊಂದಿಗೆ ಕೂತು ಹೊಲಿದಿದ್ದಳು. ಮೂಲೆಯಲ್ಲಿ ಅವಳ ಹಸಿರು ಇಳಕಲ್ ಸೀರೆ. ನಟ್ಟನಡುವೆ, ಮಗಳ ಮದುವೆಯಲ್ಲಿ ನಾನು ತೊಟ್ಟು ಊರನ್ನೆಲ್ಲ ನಗಿಸಿದ್ದ ಹಳದಿ ಅಂಗಿ. ಜೇಬು ಹಾಗೇ ಇತ್ತು. ಅದರೊಳಗಿಂದ ಒಂದು ಏಡಿ ಇಣುಕಿ ನೋಡಿತು.

ಎಲ್ಲರೂ ಅಂಗಿ ನೋಡಿದರು. ಆಮೇಲೆ ನನ್ನನ್ನು.

“ಕಾಕಾ, ಯೆಲ್ಲೋ ಅಲರ್ಟ್ ಅಂದ್ರ ಇದಾ ಏನ್ರಿ?” ಎಂದ ಭೀಮರಾಯ.

ಹೆಂಗಸರು ಬುಟ್ಟಿ ಇಳಿಸಿ ನಕ್ಕರು. ಅವನು ನಗಲಿಲ್ಲ. ಕಣದ ಒಂದು ಅಂಚು ಆಗಲೇ ನೆನೆದು ಹೋಗಿತ್ತು. ಅವನು ಅದನ್ನೇ ನೋಡುತ್ತ ನಿಂತ. ನಾನು ಛತ್ರಿ ಮಡಚಿದೆ. “ನಂದಾ ತಪ್ಪೋ ಭೀಮರಾಯ” ಎಂದೆ. ಮಳೆ ನನ್ನ ತಲೆಯ ಮೇಲೆ ಸರಿಯಾಗಿಯೇ ಬಿತ್ತು.

ಪ್ರವಾಹ ಎಂದರೆ ಕೃಷ್ಣೆ ಉಕ್ಕಿ ಬರುವುದು, ಅದು ನದಿ ದಂಡೆಯ ತಿಂಥಣಿ ಕಡೆಯವರ ತಾಪತ್ರಯ ಎಂದುಕೊಂಡಿದ್ದೆ. ಅದು ಹಳೇ ಕೌದಿಯಿಂದಲೂ ಬರುತ್ತದೆ. ಕಾಲುವೆ ಬಂದ ಮೇಲೆ ನಾವು ನೀರು ಬರಲಿ ಎಂದಷ್ಟೇ ಬೇಡಲು ಕಲಿತೆವು. ಹೋಗುವ ದಾರಿಯನ್ನು ಯಾರು ನೋಡಿದರು?

ಈಗ ದಿನಾ ಭೀಮರಾಯನ ಕಣಕ್ಕೆ ಹೋಗಿ ನೆನೆದ ಮೆಣಸಿನಕಾಯಿ ತಿರುವಿ ಹಾಕುತ್ತೇನೆ. ಘಾಟಿಗೆ ಸೀನಿ ಸೀನಿ ಕಣ್ಣಲ್ಲಿ ನೀರು. “ಬರೀ ಘಾಟಿಗಿ ಅಳಾಕತ್ತೀರೋ, ಖರೇನಾ ಅಳಾಕತ್ತೀರೋ?” ಎಂದು ಅವನು ಕೇಳುತ್ತಾನೆ. ಎರಡೂ.

ನಾಗಮ್ಮ ಮಾತ್ರ ಒಂದು ಮಾತೂ ಬೈದಿಲ್ಲ. ಕೌದಿಯನ್ನು ಒಗೆದು, ಬಸ್ಸಿನವರಿಗೂ ಕಾಣುವ ಹಾಗೆ, ರಸ್ತೆ ಕಡೆಯ ಗೋಡೆಯ ಮೇಲೆ ಹಳದಿ ಅಂಗಿ ಹೊರಗೆ ಬರುವಂತೆ ಹಾಕಿದ್ದಾಳೆ. ತೆಗೆಯೇ ಎಂದರೆ “ಇನ್ನಾ ಹಸಿ ಐತ್ರಿ” ಎನ್ನುತ್ತಾಳೆ.

ನಮ್ಮ ಯಾದಗಿರಿ ಬಿಸಿಲಿಗೆ ಒಂದು ಕೌದಿ ಒಣಗಲು ಎಷ್ಟು ದಿನ ಬೇಕು, ನೀವೇ ಹೇಳಿ?