ಮೊದಲ ಕುಣಿತ ಅತ್ತೆಯದು

ಮಕ್ಕಳನ್ನು ಒಳಗೆ ಬಿಡುವ ಮೊದಲು ಅತ್ತೆ ತಾವೇ ಒಮ್ಮೆ ಕುಣಿಯುತ್ತಾರೆ. ಹನ್ನೊಂದು ವರ್ಷದಿಂದ ಇದೊಂದನ್ನು ತಪ್ಪಿಸಿಲ್ಲ. ನಮ್ಮ ಬೀದಿಯವರಿಗೆಲ್ಲ ಅವರು ಅತ್ತೆ. ಗಾಳಿ ತುಂಬಿದ ಕೋಟೆಯನ್ನು ಮಕ್ಕಳ ಆಟಕ್ಕೆ ಬಾಡಿಗೆಗೆ ಕೊಡುವುದು ಅವರ ಕಸುಬು. ವಯಸ್ಸು ಅರವತ್ತು, ಮೈಯೂ ಭಾರ. ಚಪ್ಪಲಿ ಬಿಟ್ಟು, ಕನ್ನಡಕ ತೆಗೆದಿಟ್ಟು, ನಾಲ್ಕು ಮೂಲೆಯಲ್ಲೂ ಧೊಪ್ ಧೊಪ್ ಎಂದು ಕುಣಿದು ಇಳಿದು, ಹಗ್ಗ ಗೂಟಗಳನ್ನು ಒಂದೊಂದಾಗಿ ಜಗ್ಗಿ ನೋಡುತ್ತಾರೆ. ಪಕ್ಕದ ಮನೆಯವಳಾದ ನನಗೆ ಅದೂ ಒಂದು ಪ್ರಾರ್ಥನೆಯಂತೆಯೇ ಕಾಣುತ್ತದೆ.

ಆ ಶನಿವಾರ ಪಾರ್ಕಿನಲ್ಲಿ ಲಾರಿ ಡ್ರೈವರನ ಮಗನ ಹುಟ್ಟುಹಬ್ಬ. ಅತ್ತೆಯ ಮೊಮ್ಮಗಳೂ ಬಂದಿದ್ದಳು. ಆರು ತಿಂಗಳ ಹಿಂದೆ ಕಾಲು ಮುರಿದುಕೊಂಡಿದ್ದವಳು. ಇನ್ನು ಕುಣಿಯಬಹುದು ಎಂದು ಡಾಕ್ಟರು ಹೇಳಿದ್ದು ಹಿಂದಿನ ದಿನವಷ್ಟೇ. ಚಿಕ್ಕವರ ಸರದಿ ಮುಗಿಯುತ್ತ ಬಂದಿತ್ತು. ದೊಡ್ಡ ಮಕ್ಕಳ ಸಾಲಿನಲ್ಲಿ ಇವಳೇ ಮೊದಲು.

ಅಷ್ಟರಲ್ಲಿ ಮರಗಳು ಸದ್ದು ಮಾಡಿದವು. ಅತ್ತೆ ಗಾಳಿಯ ವೇಗ ಅಳೆಯುವ ಪುಟ್ಟ ಯಂತ್ರವನ್ನು ತಲೆಯ ಮೇಲೆತ್ತಿ ಹಿಡಿದರು. ಗಂಟೆಗೆ ಮೂವತ್ತೆರಡು ಕಿಲೋಮೀಟರ್, ಮೂವತ್ತಾರು, ಒಂದು ಬೀಸಿಗೆ ನಲವತ್ತು. ಮೂವತ್ತೆಂಟು ದಾಟಿದರೆ ಕೋಟೆಯಲ್ಲಿ ಯಾರೂ ಇರುವಂತಿಲ್ಲ.

"ಎಲ್ಲರೂ ಇಳೀರಿ, ತಳ್ಳಾಡಬೇಡಿ."

"ಅಜ್ಜಿ, ಈಗ ನನ್ನ ಸರದಿ."

"ಗೊತ್ತು ಕಣೆ."

"ಒಂದೇ ಒಂದು ಸಲ."

"ಅರ್ಧ ಸಲವೂ ಇಲ್ಲ. ಹಿಂದೆ ಸರಿ."

ಕೊನೆಯ ಮಗು ಇಳಿದ ಮೇಲೆ ಅತ್ತೆ ಕೋಟೆಗೆ ಗಾಳಿ ಊದುವ ಬ್ಲೋವರ್ ಆರಿಸಿದರು. ಹಗ್ಗಗಳನ್ನು ಮಾತ್ರ ಗೂಟದಿಂದ ಬಿಚ್ಚಲಿಲ್ಲ. ಗೋಪುರಗಳು ತೂಕಡಿಸಿ ಒಂದರ ಮೇಲೊಂದು ಒರಗಿದವು. ಮೊಮ್ಮಗಳ ಮುಖವೂ ಹಾಗೇ ಇಳಿಯಿತು.

ಕೋಟೆ ಪೂರ್ತಿ ನೆಲಕ್ಕೆ ಹಾಸಿಕೊಂಡಾಗ ಅತ್ತೆ ಕೂಗಿದರು: "ಒಳಗೆ ಉಳಿದ ಗಾಳಿ ಹೋಗಬೇಕು. ಉರುಳೋಕೆ ಯಾರ್ಯಾರು ಬರ್ತೀರಿ? ಮೊದಲು ಇವಳು."

ಮೊಮ್ಮಗಳು ಅನುಮಾನದಿಂದಲೇ ಮಲಗಿ ಒಂದು ಉರುಳು ಉರುಳಿದಳು. ಅಡಿಯಿಂದ ಪುರ್ರ್ ಎಂದು ಸದ್ದು.

"ಅಜ್ಜಿ, ಕೋಟೆ ಹೂಸು ಬಿಡ್ತು."

ಅಷ್ಟೇ ಸಾಕಾಯಿತು. ಮಕ್ಕಳೆಲ್ಲ ಸಾಲಾಗಿ ಉರುಳಿದರು. ಪ್ರತಿ ಪುರ್ರ್‌ಗೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಅತ್ತೆಯೂ ಉರುಳಿದರು. ಅವರದ್ದೇ ಎಲ್ಲಕ್ಕಿಂತ ದೊಡ್ಡ ಸದ್ದು.

ಡ್ರೈವರ್ ಹತ್ತಿರ ಬಂದ. "ಅತ್ತೆ, ಗಾಳಿ ಸ್ವಲ್ಪ ಇಳಿದ ಹಾಗಿದೆ. ಮತ್ತೆ ಊದಿ. ಲಾರಿ ತಂದು ಪಕ್ಕಕ್ಕೆ ನಿಲ್ಲಿಸ್ತೀನಿ, ಹಗ್ಗ ಅದಕ್ಕೇ ಕಟ್ಟೋಣ. ಪಾಪ, ನಿಮ್ಮ ಮೊಮ್ಮಗಳೊಬ್ಬಳಾದರೂ ಐದು ನಿಮಿಷ ಕುಣೀಲಿ."

ಅತ್ತೆ ಯಂತ್ರ ಎತ್ತಿ ನೋಡಿದರು. ಇಪ್ಪತ್ತೆಂಟು, ಮರುಕ್ಷಣವೇ ಮೂವತ್ತೊಂಬತ್ತು.

"ನಿನ್ನ ಮನಸ್ಸು ದೊಡ್ಡದಪ್ಪ, ಆದರೆ ಬೇಡ. ಲಾರಿ ಅಲುಗಲ್ಲ, ಕೋಟೆಯಿಂದ ಹಗ್ಗವೇ ಕಿತ್ತು ಬರುತ್ತೆ. ಅವಳು ಇನ್ನೊಂದು ದಿನ ಕುಣೀತಾಳೆ."